ಅಪ್ಪ ಮಳೆ ಬಗ್ಗೆ ಬರೀತಾರೆ, ಕೆರೆ ಬಗ್ಗೆ ಬರೆಯಲ್ಲ: ನಿವೃತ್ತರ ಬರವಣಿಗೆ ಮತ್ತು ಪಿಂಚಣಿಯ ಭಯ

ಅಪ್ಪ ನಿವೃತ್ತರಾಗಿ ಮೂರು ವರ್ಷ ಆಯ್ತು. ಗ್ರಾಮ ಲೆಕ್ಕಿಗರಾಗಿ ಕೆಲಸಕ್ಕೆ ಸೇರಿ, ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿ, ಕೊನೆಗೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ಮನೆಗೆ ಬಂದವರು. ಬೀಳ್ಕೊಡುಗೆಯ ಶಾಲು, ಹಾರ, ಫೋಟೊ ಎಲ್ಲ ಮುಗಿದ ಮಾರನೇ ವಾರ ಒಂದು ಲಾಂಗ್ ನೋಟ್‌ಬುಕ್ ತಂದರು. ಬೆಳಗ್ಗೆ ಐದಕ್ಕೆ ಎದ್ದು, ಕಾಫಿ ಕುಡಿದು, ಬರೆಯೋಕೆ ಕೂರುತ್ತಾರೆ. ನಾನು ಊರಿಗೆ ಹೋದಾಗಲೆಲ್ಲ ಅದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಡೋದು ನನ್ನ ಕೆಲಸ.

ಇವತ್ತಿನವರೆಗೆ ಅರವತ್ತಕ್ಕೂ ಹೆಚ್ಚು ಪದ್ಯ ಟೈಪ್ ಮಾಡಿದ್ದೇನೆ. ಮುಂಗಾರು, ಹೊಂಗೆ ಮರ, ಅಜ್ಜಿ ಮಾಡುತ್ತಿದ್ದ ಉಪ್ಪುಸಾರು, ಊರ ಜಾತ್ರೆ. ಮೂವತ್ತೈದು ವರ್ಷ ದಿನಾ ಹೋಗಿಬಂದ ಕಚೇರಿಯ ಬಗ್ಗೆ ಮಾತ್ರ ಒಂದೇ ಒಂದು ಸಾಲಿಲ್ಲ.

ನಮ್ಮೂರ ಪಕ್ಕದ ಕೆರೆಯ ಕಥೆ ಅಪ್ಪನಿಗೆ ಗೊತ್ತು. ಅದರ ಅಂಗಳದ ಒಂದು ಭಾಗ ಮೊದಲು ದಾಖಲೆಯಲ್ಲಿ ಸಣ್ಣದಾಯಿತು, ಆಮೇಲೆ ಹೊಲವಾಯಿತು, ಕೊನೆಗೆ ಲೇಔಟ್ ಆಯಿತು. ಯಾವ ವರ್ಷ ಏನಾಯಿತು ಅನ್ನೋದನ್ನ ರಾತ್ರಿ ಊಟಕ್ಕೆ ಕೂತಾಗ ಸರ್ವೆ ನಂಬರ್ ಸಮೇತ ಹೇಳುತ್ತಾರೆ. ಕಳೆದ ದೀಪಾವಳಿಯಲ್ಲಿ ಕೇಳಿಯೇಬಿಟ್ಟೆ: "ಅಪ್ಪ, ಇದನ್ನ ಯಾಕೆ ಬರೀಬಾರದು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದೆಲ್ಲ ಯಾಕಮ್ಮ? ನಾಳೆ ಪಿಂಚಣಿಗೆ ಕೈ ಹಾಕಿದ್ರೆ ನಿಮ್ಮಮ್ಮನ ಬಿಪಿ ಮಾತ್ರೆಗೆ ಯಾರು ದುಡ್ಡು ಕೊಡ್ತಾರೆ? ಮಳೆ ಬಗ್ಗೆ ಬರೆದ್ರೆ ಯಾರೂ ನೋಟಿಸ್ ಕೊಡಲ್ಲ" ಅಂದರು.

ಈ ಲೇಖನ ಅಪ್ಪನ ಬಗ್ಗೆ ಅಲ್ಲ, ಆ ಉತ್ತರದ ಬಗ್ಗೆ. ನಿವೃತ್ತಿಯಾದ ಮೇಲೆ ಬರೆಯಿರಿ, ಮನಸ್ಸು ಹಗುರವಾಗುತ್ತೆ, ನೆನಪಿನ ಶಕ್ತಿ ಉಳಿಯುತ್ತೆ ಅಂತ ಭಾನುವಾರದ ಪುರವಣಿಗಳು ಹೇಳುತ್ತಲೇ ಇರುತ್ತವೆ. ಒಳ್ಳೆಯದೇ. ಆದರೆ ನಿವೃತ್ತರು ಏನನ್ನು ಬರೆಯಬಹುದು, ಏನನ್ನು ಬರೆಯಬಾರದು, ಬರೆಯೋ ಬಿಡುವು ಯಾರಿಗಿದೆ ಅನ್ನೋದು ಹವ್ಯಾಸದ ಪ್ರಶ್ನೆಯಲ್ಲ. ಅದು ಅಪ್ಪಟ ರಾಜಕೀಯ ಪ್ರಶ್ನೆ.

ಕೇಂದ್ರದ ಬಾಗಿಲು ಮುಚ್ಚಿದ್ದು ಹೇಗೆ?

2021ರ ಮೇ 31. ದೇಶ ಕೋವಿಡ್‌ನ ಎರಡನೇ ಅಲೆಯಲ್ಲಿ ಮುಳುಗಿತ್ತು. ಆ ದಿನ ಕೇಂದ್ರ ಸರ್ಕಾರ 1972ರ ಕೇಂದ್ರ ನಾಗರಿಕ ಸೇವಾ (ಪಿಂಚಣಿ) ನಿಯಮಗಳಿಗೆ ಒಂದು ತಿದ್ದುಪಡಿ ಹೊರಡಿಸಿತು. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು, ಆ ಸಂಸ್ಥೆಯ ಕಾರ್ಯಕ್ಷೇತ್ರಕ್ಕೆ ಸಂಬಂಧಿಸಿದ ಏನನ್ನೇ ಪ್ರಕಟಿಸಬೇಕಾದರೂ ಅದರ ಮುಖ್ಯಸ್ಥರ ಮುಂಗಡ ಅನುಮತಿ ಪಡೆಯಬೇಕು. ಅಲ್ಲಿನ ಸಿಬ್ಬಂದಿ ಮತ್ತು ಹುದ್ದೆಯ ಉಲ್ಲೇಖ ಇದರಲ್ಲಿ ಬರುತ್ತೆ. ಅಲ್ಲಿ ಕೆಲಸ ಮಾಡಿ ಗಳಿಸಿದ ಪರಿಣತಿ ಮತ್ತು ತಿಳಿವಳಿಕೆ ಕೂಡ ಬರುತ್ತೆ. ನಿವೃತ್ತಿಯ ಹೊತ್ತಿಗೆ ಮುಚ್ಚಳಿಕೆ ಬರೆದುಕೊಡಬೇಕು. ಮೀರಿದರೆ ಪಿಂಚಣಿ ತಡೆಹಿಡಿಯಬಹುದು, ವಾಪಸ್ ಪಡೆಯಬಹುದು.

ಇದಕ್ಕೂ ಮುಂಚೆ ನಿರ್ಬಂಧ ಇರಲಿಲ್ಲ ಅಂತಲ್ಲ. ಆದರೆ ಅದು ದೇಶದ ಸಾರ್ವಭೌಮತೆ, ಸಮಗ್ರತೆ, ಭದ್ರತೆಗೆ ಧಕ್ಕೆ ತರುವ ಸೂಕ್ಷ್ಮ ಮಾಹಿತಿಗೆ ಸಂಬಂಧಿಸಿತ್ತು. ಅದರಲ್ಲಿ ಅರ್ಥವಿದೆ. 2021ರ ತಿದ್ದುಪಡಿ ಆ ಗೆರೆಯನ್ನು ದಾಟಿ 'ಕಾರ್ಯಕ್ಷೇತ್ರ' ಅನ್ನೋ ಪದವನ್ನು ತಂದಿತು. ಯಾವುದು ಸೂಕ್ಷ್ಮ, ಯಾವುದು ಅಲ್ಲ, ಯಾವುದು ಕಾರ್ಯಕ್ಷೇತ್ರದೊಳಗೆ ಬರುತ್ತೆ ಅಂತ ತೀರ್ಮಾನಿಸುವವರೂ ಅದೇ ಸಂಸ್ಥೆಯ ಮುಖ್ಯಸ್ಥರು. ಅಂದರೆ ಯಾರ ಬಗ್ಗೆ ಬರೆಯಬೇಕೋ ಅವರ ಹತ್ತಿರವೇ ಹೋಗಿ ಬರೆಯಲಾ ಅಂತ ಕೇಳಬೇಕು.

ಭದ್ರತಾ ಸಂಸ್ಥೆ ಅಂದ ಕೂಡಲೇ ನಮಗೆ ರಾ, ಐಬಿ ಮಾತ್ರ ನೆನಪಾಗುತ್ತವೆ. ಆದರೆ ನಿಯಮ ಅನ್ವಯಿಸೋದು ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರೋ ಎಲ್ಲ ಸಂಸ್ಥೆಗಳಿಗೆ. ಅದರಲ್ಲಿ ಸಿಬಿಐ ಇದೆ, ಜಾರಿ ನಿರ್ದೇಶನಾಲಯ ಇದೆ, ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಇವೆ. ಡಿಆರ್‌ಡಿಒ ಕೂಡ ಇದೆ. ಇಲ್ಲಿಗೆ ವಿಷಯ ಸೀದಾ ಬೆಂಗಳೂರಿಗೆ ಬರುತ್ತೆ, ಯಾಕೆಂದರೆ ಡಿಆರ್‌ಡಿಒದ ಹಲವು ಪ್ರಯೋಗಾಲಯಗಳಿರೋದು ನಮ್ಮ ಸಿ.ವಿ. ರಾಮನ್ ನಗರದ ಸುತ್ತಮುತ್ತಲೇ.

ಒಂದು ಉದಾಹರಣೆ ನೋಡಿ. ನಮ್ಮದೇ ಯುದ್ಧವಿಮಾನಕ್ಕೆ ನಮ್ಮದೇ ಎಂಜಿನ್ ಬೇಕು ಅಂತ 'ಕಾವೇರಿ' ಎಂಜಿನ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಪ್ರಯೋಗಾಲಯ ಅದರ ಹಿಂದೆ ಬಿತ್ತು. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. ತೇಜಸ್ ಇವತ್ತಿಗೂ ಹಾರೋದು ಅಮೆರಿಕದ ಎಂಜಿನ್ ಮೇಲೆ. ಎಲ್ಲಿ ಎಡವಿದೆವು? ಲೋಹದ್ದಾ, ಹಣದ್ದಾ, ಪರೀಕ್ಷಾ ಸೌಲಭ್ಯದ್ದಾ, ನಿರ್ಧಾರ ತೆಗೆದುಕೊಳ್ಳುವವರದ್ದಾ? ಅದರಲ್ಲಿ ಇಪ್ಪತ್ತು ವರ್ಷ ಕಳೆದ ಒಬ್ಬ ವಿಜ್ಞಾನಿ ನಿವೃತ್ತಿ ನಂತರ ಕನ್ನಡದಲ್ಲಿ ಒಂದು ಪುಸ್ತಕ ಬರೆದರೆ, ಇವತ್ತು ಎಂಜಿನಿಯರಿಂಗ್ ಓದುತ್ತಿರೋ ಹುಡುಗ ಹುಡುಗಿಯರಿಗೆ ಅದಕ್ಕಿಂತ ಒಳ್ಳೆ ಪಾಠ ಇನ್ಯಾವುದಿದೆ? ಶತ್ರು ದೇಶಕ್ಕೆ ವಿನ್ಯಾಸದ ನಕ್ಷೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ನಾವು ಯಾಕೆ ಸೋತೆವು ಅಂತ ಹೇಳೋದಕ್ಕೂ ಅನುಮತಿ ಬೇಕು ಅಂದರೆ, ಬಚ್ಚಿಡೋದು ರಹಸ್ಯವನ್ನಲ್ಲ, ಸೋಲನ್ನು.

ಇನ್ನೊಂದು ವಿಚಿತ್ರ ಇದೆ. ಈ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನೇ ಒಂದು ಕಿಟಕಿಯನ್ನು ತೆರೆದಿಟ್ಟಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಅನ್ವಯಿಸಲ್ಲ. ಪಿಂಚಣಿ ನಿಯಮ ಅದೇ ಅನುಸೂಚಿಯನ್ನು ಎರವಲು ಪಡೆಯಿತು, ಕಿಟಕಿಯನ್ನು ಮಾತ್ರ ಬಿಟ್ಟುಬಿಟ್ಟಿತು. ಹಾಗಾಗಿ ಒಬ್ಬ ಹೊರಗಿನವನು ಅರ್ಜಿ ಹಾಕಿ ಪಡೆಯಬಹುದಾದ ಮಾಹಿತಿಯನ್ನು, ಅಲ್ಲಿ ಬೆವರು ಸುರಿಸಿದ ನಿವೃತ್ತ ಪೇದೆ ತಾನಾಗಿ ಬರೆಯೋ ಹಾಗಿಲ್ಲ.

2017ರಲ್ಲಿ ಬಿಎಸ್‌ಎಫ್ ಯೋಧ ತೇಜ್ ಬಹಾದ್ದೂರ್ ಯಾದವ್ ತಮಗೆ ಕೊಡುತ್ತಿದ್ದ ಊಟದ ಬಗ್ಗೆ ವಿಡಿಯೋ ಹಾಕಿದ್ದು ನಿಮಗೆ ನೆನಪಿರಬಹುದು. ಅವರು ಸೇವೆಯಲ್ಲಿದ್ದರು, ಕೆಲಸ ಹೋಯಿತು. ಈಗಿನ ನಿಯಮದ ಪ್ರಕಾರ, ಪಿಂಚಣಿ ಪಡೆಯುತ್ತಿರೋ ಯೋಧರೊಬ್ಬರು ಹತ್ತು ವರ್ಷದ ಹಿಂದಿನ ಆ ದಾಲಿನ ಬಗ್ಗೆ ಬರೆಯೋ ಮುನ್ನವೂ ಎರಡು ಸಲ ಯೋಚಿಸಬೇಕು.

ಜನರಲ್ ಬರೆದ ಎರಡು ಪುಸ್ತಕ

ಸೇನೆಗೆ ಬೇರೆ ನಿಯಮಗಳಿವೆ, ಆದರೆ ಕಥೆ ಬೇರೆಯಲ್ಲ. ಜನರಲ್ ಎಂ.ಎಂ. ನರವಣೆ 2022ರ ಏಪ್ರಿಲ್‌ನಲ್ಲಿ ಸೇನಾ ಮುಖ್ಯಸ್ಥ ಹುದ್ದೆಯಿಂದ ನಿವೃತ್ತರಾದರು. ಅವರ ಅವಧಿಯಲ್ಲೇ ಗಾಲ್ವಾನ್ ಸಂಘರ್ಷ ನಡೆದದ್ದು. ನಿವೃತ್ತಿ ನಂತರ 'ಫೋರ್ ಸ್ಟಾರ್ಸ್ ಆಫ್ ಡೆಸ್ಟಿನಿ' ಅನ್ನೋ ಆತ್ಮಕಥನ ಬರೆದರು. 2024ರ ಜನವರಿಯಲ್ಲಿ ಅದು ಅಂಗಡಿಗೆ ಬರಬೇಕಿತ್ತು. ಅದಕ್ಕೂ ಮುಂಚೆ, ಡಿಸೆಂಬರ್‌ನಲ್ಲಿ, ಅಗ್ನಿಪಥ ಯೋಜನೆ ರೂಪುಗೊಂಡ ಬಗೆಯ ಕುರಿತ ಆಯ್ದ ಭಾಗಗಳನ್ನು ಸುದ್ದಿಸಂಸ್ಥೆ ಪಿಟಿಐ ಪ್ರಕಟಿಸಿತು. ಗದ್ದಲವಾಯಿತು. ಹಸ್ತಪ್ರತಿ ಪರಿಶೀಲನೆಗೆ ಹೋಯಿತು, ಬಿಡುಗಡೆ ನಿಂತಿತು.

2025ರಲ್ಲಿ ಅದೇ ಜನರಲ್‌ರ ಇನ್ನೊಂದು ಪುಸ್ತಕ ಬಂತು: 'ದಿ ಕಂಟೋನ್ಮೆಂಟ್ ಕಾನ್ಸ್‌ಪಿರಸಿ'. ಸೇನಾ ಹಿನ್ನೆಲೆಯ ಥ್ರಿಲ್ಲರ್ ಕಾದಂಬರಿ. ನಿಜ ಸಿಕ್ಕಿಹಾಕಿಕೊಂಡಿತು, ಕಟ್ಟುಕಥೆ ಹೊರಗೆ ಬಂತು.

ಈ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ಅಪ್ಪನ ಹೊಂಗೆ ಮರದ ಪದ್ಯ. ನಾಲ್ಕು ನಕ್ಷತ್ರದ ಜನರಲ್‌ಗೂ ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೂ ನಿವೃತ್ತಿಯ ನಂತರ ನಿರಾತಂಕವಾಗಿ ಸಿಗೋದು ಒಂದೇ ದಾರಿ: ಕಲ್ಪನೆ.

ರಾಜ್ಯದಲ್ಲಿ ಕಾನೂನಿಗಿಂತ ಭಯ ದೊಡ್ಡದು

ಈಗ ನಮ್ಮ ರಾಜ್ಯಕ್ಕೆ ಬರೋಣ. ಸೇವೆಯಲ್ಲಿರೋ ರಾಜ್ಯ ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. 1966ರ ನಿಯಮಗಳ ಜಾಗಕ್ಕೆ 2021ರಲ್ಲಿ ಹೊಸವು ಬಂದವು. ಅವುಗಳ ಕರಡು ಹೊರಬಿದ್ದಾಗ, ಸಿನಿಮಾದಲ್ಲಿ ನಟಿಸಲು, ಪುಸ್ತಕ ಪ್ರಕಟಿಸಲು ಅನುಮತಿ ಬೇಕು ಅನ್ನೋ ಅಂಶಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಸರ್ಕಾರದ ನೀತಿಯನ್ನು ಟೀಕಿಸೋ ಹಾಗಂತೂ ಇಲ್ಲ.

ಆದರೆ ಇವೆಲ್ಲ ಸೇವೆಯಲ್ಲಿರುವವರಿಗೆ. ನಿವೃತ್ತರಾದ ಮೇಲೆ ಏನು? ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮ, ಸೇವೆಯಲ್ಲಿದ್ದಾಗ ಮಾಡಿದ ಗಂಭೀರ ದುರ್ನಡತೆ ಸಾಬೀತಾದರೆ ಪಿಂಚಣಿ ತಡೆಹಿಡಿಯೋ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತೆ. ಅದಕ್ಕೂ ಮಿತಿ ಇದೆ. ನಿವೃತ್ತಿಯ ನಂತರ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡಬೇಕಾದರೆ ಆ ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. ಕೆರೆಯ ಕಥೆ ನಡೆದು ಹದಿನೈದು ವರ್ಷದ ಮೇಲಾಗಿದೆ. ಅದನ್ನು ಬರೆದ ಕಾರಣಕ್ಕೆ ಅಪ್ಪನ ಪಿಂಚಣಿ ನಿಲ್ಲಿಸೋದು ಅಷ್ಟು ಸಲೀಸಲ್ಲ. ಮಾನನಷ್ಟ ಮೊಕದ್ದಮೆ ಬೀಳಬಹುದು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿಯಲ್ಲ ಅಂತ ಕಾನೂನೇ ಹೇಳುತ್ತೆ.

ಅಂದ ಮೇಲೆ ಭಯ ಯಾಕೆ? ಮೂರು ಕಾರಣ ನನಗೆ ಕಾಣುತ್ತವೆ.

ಮೊದಲನೆಯದು, ಪಿಂಚಣಿ ಮಂಜೂರಾಗೋ ಪ್ರಕ್ರಿಯೆಯೇ ಮನುಷ್ಯನನ್ನು ಹೆದರಿಸಿಟ್ಟಿರುತ್ತೆ. ನಿವೃತ್ತಿಗೆ ಮುಂಚೆ ಒಂದು ವರ್ಷ ಅಪ್ಪ ಸೇವಾ ಪುಸ್ತಕ ಹಿಡಿದುಕೊಂಡು ಕೌಂಟರಿನಿಂದ ಕೌಂಟರಿಗೆ ಅಲೆದದ್ದು ನಾನೇ ನೋಡಿದ್ದೇನೆ. 'ಬೇಬಾಕಿ ಪತ್ರ' ಒಂದಕ್ಕೇ ನಾಲ್ಕು ತಿಂಗಳು. ಬೇರೆಯವರ ಕಡತ ಸರಿಸಿದ ಕೈಗಳು ತಮ್ಮ ಕಡತಕ್ಕಾಗಿ ಅಂಗಲಾಚಿದವು. ಅದನ್ನು ಕಂಡವರಿಗೆ, ನಿಯಮ ಏನೇ ಹೇಳಲಿ, ಕೆಳಗಿನ ಒಬ್ಬ ಕ್ಲರ್ಕ್ ಬೇಕು ಅಂದರೆ ಏನು ಬೇಕಾದರೂ ನಿಲ್ಲಿಸಬಹುದು ಅನ್ನೋದು ಗೊತ್ತಿರುತ್ತೆ.

ಎರಡನೆಯದು, ರಕ್ಷಣೆ ಇಲ್ಲ. ಭ್ರಷ್ಟಾಚಾರ ಬಯಲು ಮಾಡುವವರನ್ನು ಕಾಪಾಡೋಕೆ ಅಂತ ಸಂಸತ್ತು ಒಂದು ಕಾಯ್ದೆ ಪಾಸು ಮಾಡಿ, 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆಮೇಲೆ ಬಂದ ಸರ್ಕಾರ ಅದನ್ನು ಜಾರಿಗೇ ತರಲಿಲ್ಲ. ಪುಸ್ತಕದಲ್ಲಿರೋ ಕಾನೂನಿಂದ ಯಾರಿಗೆ ಧೈರ್ಯ ಬರುತ್ತೆ?

ಮೂರನೆಯದನ್ನು ಹೇಳೋದು ನನಗೆ ಕಷ್ಟ. ಆ ಕೆರೆಯ ಕಡತದಲ್ಲಿ ಅಪ್ಪನ ಸಹಿಯೂ ಇದೆ. ಮೇಲಿನಿಂದ ಫೋನ್ ಬಂತು, ವರದಿ ಬರೆದುಕೊಟ್ಟರು. ದುಡ್ಡು ತಗೊಂಡಿಲ್ಲ ಅಂತಾರೆ, ನಾನು ನಂಬುತ್ತೇನೆ. ಆದರೆ ಇಲ್ಲ ಅನ್ನಲಿಲ್ಲ ಅನ್ನೋದೂ ನಿಜ. ಅವರು ಬರೆಯೋಕೆ ಕೂತರೆ ಬೇರೆಯವರ ತಪ್ಪಿನ ಜೊತೆ ತಮ್ಮ ತಪ್ಪನ್ನೂ ಬರೆಯಬೇಕು. ಎಷ್ಟೋ ನಿವೃತ್ತರ ಮೌನಕ್ಕೆ ಪಿಂಚಣಿ ಒಂದು ನೆಪ ಮಾತ್ರ. ಅದನ್ನು ಒಪ್ಪಿಕೊಳ್ಳದೆ ಸರ್ಕಾರವನ್ನಷ್ಟೇ ಬೈದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ.

ಕಳೆದುಕೊಳ್ಳುತ್ತಿರೋದು ಏನು?

ಅಧಿಕಾರಿಗಳು ಬರೆಯೋದು ಕನ್ನಡಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದ ನವರತ್ನ ರಾಮರಾವ್ 'ಕೆಲವು ನೆನಪುಗಳು' ಬರೆದರು. ಮಾಸ್ತಿ ತಮಗೆ ಸಲ್ಲಬೇಕಾದ ಹುದ್ದೆ ತಪ್ಪಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. 'ಚಿಕವೀರ ರಾಜೇಂದ್ರ' ಬಂದದ್ದು ಅದಾದ ಹದಿಮೂರು ವರ್ಷಕ್ಕೆ. ನಮ್ಮ ಕಾಲದಲ್ಲಿ, ಸರ್ಕಾರಿ ಜಮೀನು ಒತ್ತುವರಿ ತೆರವು ಕಾರ್ಯಪಡೆಯ ಅಧ್ಯಕ್ಷರಾಗಿದ್ದ ಐಎಎಸ್ ಅಧಿಕಾರಿ ವಿ. ಬಾಲಸುಬ್ರಮಣಿಯನ್ ತಮ್ಮ ಸೇವೆಯ ನೆನಪುಗಳನ್ನು ನಿಷ್ಠುರವಾಗಿ ಬರೆದರು.

ಗಮನಿಸಿ, ಇವರೆಲ್ಲ ಮೇಲಿನ ಕುರ್ಚಿಯವರು. ಕೆಳಗಿನ ಕುರ್ಚಿಯಿಂದ ಆಡಳಿತ ಹೇಗೆ ಕಾಣುತ್ತೆ ಅಂತ ಬರೆದವರು ಎಷ್ಟು ಮಂದಿ? 2000ನೇ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಸುಮಾರು ಎರಡು ಕೋಟಿ ದಾಖಲೆ. ಅದರ ಬಗ್ಗೆ ವಿಶ್ವಬ್ಯಾಂಕ್‌ನವರು ಬರೆದರು, ವಿದೇಶಿ ಪ್ರೊಫೆಸರ್‌ಗಳು ಬರೆದರು. ಆ ದಾಖಲೆಗಳನ್ನು ತುಂಬುವಾಗ ಯಾರ ಹೆಸರು ಬಿಟ್ಟುಹೋಯಿತು, ಯಾರದು ತಪ್ಪಾಗಿ ಸೇರಿತು, ಯಾವ ಅಜ್ಜಿ ಆರು ವರ್ಷ ತಿದ್ದುಪಡಿಗೆ ಅಲೆದಳು ಅನ್ನೋದು ಗೊತ್ತಿರೋದು ಗ್ರಾಮ ಲೆಕ್ಕಿಗರಿಗೆ. ಬಗರ್ ಹುಕುಂ ನಮೂನೆ 50, 53, 57 ಅಂತ ಮೂರು ಸಲ ಅರ್ಜಿ ಕರೆದರಲ್ಲ, ಉಳುತ್ತಿದ್ದ ದಲಿತನ ಅರ್ಜಿ ಹೇಗೆ ತಿರಸ್ಕೃತವಾಯಿತು, ಉಳದವನದ್ದು ಹೇಗೆ ಮಂಜೂರಾಯಿತು ಅನ್ನೋದು ಯಾವ ವರದಿಯಲ್ಲೂ ಪೂರ್ತಿ ಬರಲ್ಲ. ಅದು ಈ ತಲೆಮಾರಿನ ತಲೆಯಲ್ಲಿದೆ. ಅವರು ಹೋದರೆ ಅದೂ ಹೋಗುತ್ತೆ.

ನಿವೃತ್ತರು ಬರೆದದ್ದೆಲ್ಲ ಸತ್ಯ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಆತ್ಮಕಥೆಗಳಲ್ಲಿ ಲೇಖಕರೊಬ್ಬರೇ ಪ್ರಾಮಾಣಿಕರು, ಸುತ್ತ ಇದ್ದವರೆಲ್ಲ ಕಳ್ಳರು. ಅದಕ್ಕೆ ಮದ್ದು ಅಂದರೆ ಇನ್ನೂ ನಾಲ್ಕು ಜನ ಬರೆಯೋದು. ಒಬ್ಬರೇ ಬರೆದರೆ ಅದು ಸಮರ್ಥನೆ. ಅದೇ ಕಚೇರಿಯ ಐವರು ಬರೆದರೆ ಇತಿಹಾಸ ಶುರುವಾಗುತ್ತೆ.

ಬರೆಯೋಕೆ ಬಿಡುವು ಬೇಡವೇ?

ಇಲ್ಲಿಯವರೆಗೆ ಪಿಂಚಣಿ ಇರುವವರ ಕಥೆ ಹೇಳಿದೆ. ಪಿಂಚಣಿ ಇಲ್ಲದವರು?

ಅಪ್ಪ ಬೆಳಗ್ಗೆ ಐದಕ್ಕೆ ಬರೆಯೋಕೆ ಕೂರುವಾಗ ನಮ್ಮ ಬೀದಿ ಗುಡಿಸೋ ಅಮ್ಮ ಕೆಲಸ ಶುರು ಮಾಡಿರುತ್ತಾರೆ. ಅವರಿಗೂ ಅಪ್ಪನ ವಯಸ್ಸೇ. ಅವರ ಹತ್ತಿರ ಇರೋ ಕಥೆ ಅಪ್ಪನದ್ದಕ್ಕಿಂತ ಕಮ್ಮಿಯೇನಲ್ಲ. ಆದರೆ ನಿವೃತ್ತಿ ಅನ್ನೋ ಪದವೇ ಅವರ ಬದುಕಿನಲ್ಲಿ ಇಲ್ಲ. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡೋ ಪಾಲು ಎಂಬತ್ತರ ಒಳಗಿನವರಿಗೆ ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಏರಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಸೇರಿದರೂ ಕೈಗೆ ಸಿಗೋದು 1,200ರ ಆಸುಪಾಸು. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳೋದಕ್ಕೇ 2022 ಬರಬೇಕಾಯಿತು. ಮೂವತ್ತು ವರ್ಷ ಊರಿನ ಮಕ್ಕಳ ತೂಕ ಬರೆದಿಟ್ಟ ಆ ಹೆಂಗಸರಿಗಿಂತ ನಮ್ಮ ಹಸಿವಿನ ಬಗ್ಗೆ ಚೆನ್ನಾಗಿ ಬರೆಯಬಲ್ಲವರು ಯಾರಿದ್ದಾರೆ?

ನಿವೃತ್ತರ ಸಾಹಿತ್ಯದಲ್ಲಿ ಮೇಷ್ಟ್ರು, ಬ್ಯಾಂಕ್ ಮ್ಯಾನೇಜರ್, ಅಧಿಕಾರಿಗಳೇ ತುಂಬಿರೋದು ಪ್ರತಿಭೆಯ ಲೆಕ್ಕದಿಂದಲ್ಲ. ತಿಂಗಳ ಮೊದಲ ತಾರೀಖು ಖಾತೆಗೆ ಬೀಳೋ ಹಣದ ಲೆಕ್ಕದಿಂದ. ಪುಸ್ತಕ ಅಚ್ಚು ಹಾಕಿಸೋಕೂ ಅದೇ ಹಣ ಬೇಕು, ಯಾಕೆಂದರೆ ಹೊಸಬರ ಪುಸ್ತಕಕ್ಕೆ ಬಹುತೇಕ ಕಡೆ ಲೇಖಕರೇ ಖರ್ಚು ಕೊಡಬೇಕು. ಜಾತಿ, ವರ್ಗ, ಲಿಂಗ ಎಲ್ಲವೂ ಇಲ್ಲಿ ಕೆಲಸ ಮಾಡುತ್ತೆ. ಮೇಷ್ಟ್ರು ರಿಟೈರ್ ಆಗುತ್ತಾರೆ, ಅವರ ಹೆಂಡತಿ ಅಡುಗೆಮನೆಯಿಂದ ಎಂದೂ ರಿಟೈರ್ ಆಗಲ್ಲ. ನಮ್ಮಮ್ಮನ ನೋಟ್‌ಬುಕ್ಕಿನಲ್ಲಿ ಇರೋದು ಹಾಲಿನ ಲೆಕ್ಕ ಮಾತ್ರ.

ಪಿಂಚಣಿ ದಾನವಲ್ಲ

1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟಪಡಿಸಿತು: ಪಿಂಚಣಿ ಸರ್ಕಾರ ದಯೆಯಿಂದ ಕೊಡೋ ಭಿಕ್ಷೆಯಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದದ್ದು. ಅದಕ್ಕೇ ಆ ದಿನವನ್ನು ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ. ಹಾರ ತುರಾಯಿ, ಸನ್ಮಾನ ಎಲ್ಲ ಇರುತ್ತೆ. ಹಾಗಿದ್ದ ಮೇಲೆ, ದುಡಿದು ಗಳಿಸಿದ ಹಣವನ್ನು ಬಾಯಿ ಮುಚ್ಚಿಸೋ ಸಾಧನ ಮಾಡಿಕೊಳ್ಳೋದು ಹೇಗೆ ಸರಿ? ದೇಶದ ರಹಸ್ಯ ಮಾರಿದರೆ ಶಿಕ್ಷಿಸೋಕೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ, ನ್ಯಾಯಾಲಯ ಇದೆ. ಅಲ್ಲಿ ಸರ್ಕಾರ ಸಾಬೀತು ಮಾಡಬೇಕು. ಪಿಂಚಣಿ ನಿಯಮದಲ್ಲಿ ಆ ತಾಪತ್ರಯವಿಲ್ಲ. ಅಲ್ಲಿ ಶಿಕ್ಷೆಯ ಭಯವೇ ಸಾಕು.

ಹಾಗಾದರೆ ಬೇಡಿಕೆ ಏನಿರಬೇಕು? ಕೇಂದ್ರದ ನಿಯಮದಲ್ಲಿ, ಮಾಹಿತಿ ಹಕ್ಕು ಕಾಯ್ದೆಯಲ್ಲಿರೋ ಹಾಗೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಗೆ ವಿನಾಯಿತಿ ಬರಬೇಕು. ಅನುಮತಿ ಕೇಳಿದ ಹಸ್ತಪ್ರತಿಗೆ ಗಡುವಿನೊಳಗೆ ಲಿಖಿತ ಉತ್ತರ ಬರಬೇಕು, ನಿರಾಕರಿಸಿದರೆ ಸಂಸ್ಥೆಯ ಹೊರಗಿನವರ ಮುಂದೆ ಮೇಲ್ಮನವಿಗೆ ಅವಕಾಶ ಇರಬೇಕು. ರಾಜ್ಯ ಸರ್ಕಾರ ಒಂದೇ ಒಂದು ಸುತ್ತೋಲೆ ಹೊರಡಿಸಿ, ನಿವೃತ್ತ ನೌಕರರು ತಮ್ಮ ಸೇವಾನುಭವ ಬರೆಯೋದು ಪಿಂಚಣಿಗೆ ಅಡ್ಡಿಯಲ್ಲ ಅಂತ ಹೇಳಿದರೂ ಸಾಕು, ಎಷ್ಟೋ ಲಾಂಗ್ ನೋಟ್‌ಬುಕ್‌ಗಳು ತೆರೆದುಕೊಳ್ಳುತ್ತವೆ. ಖರ್ಚು ಒಂದು ಹಾಳೆ.

ನಾವು ಮಾಡಬಹುದಾದದ್ದೂ ಇದೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋಕೆ ನಾವು ಅಲ್ಲಿಗೆ ಹೋಗುತ್ತೇವೆ. ಅಲ್ಲೇ ವಾರಕ್ಕೊಂದು ಸಂಜೆ ಊರಿನ ನಿವೃತ್ತ ಲೈನ್‌ಮನ್, ನರ್ಸ್, ಅಂಗನವಾಡಿ ಟೀಚರ್, ಪೌರಕಾರ್ಮಿಕರನ್ನು ಕೂರಿಸಿಕೊಂಡು ಕೇಳಬಹುದು. ಅವರಿಗೆ ಬರೆಯೋಕೆ ಆಗದಿದ್ದರೆ ನಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ, ನಾವೇ ಬರೆಯಬಹುದು. ಹೆಸರು ಹಾಕೋದು ಬೇಡ ಅಂದರೆ ಬೇಡ. ದಿನಕ್ಕೆ ಮೂರು ಗಂಟೆ ರೀಲ್ಸ್ ನೋಡೋ ನಮಗೆ ವಾರಕ್ಕೊಂದು ಗಂಟೆ ಕಷ್ಟವೇನಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ 214ನೇ ನಿಯಮದ ಪ್ರತಿ ತೆಗೆದುಕೊಂಡು ಹೋಗಿ ಅಪ್ಪನಿಗೆ ಕೊಟ್ಟೆ. ನಾಲ್ಕು ವರ್ಷದ ಮಿತಿ ಇರೋ ಕಡೆ ಗೆರೆ ಎಳೆದಿದ್ದೆ. "ನನಗೆ ಗೊತ್ತಿಲ್ವಾ ಇದು? ಎಷ್ಟು ಜನರ ಫೈಲಲ್ಲಿ ನಾನೇ ಬರೆದಿದೀನಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದ್ರೆ ನನ್ನ ಸಹಿನೂ ಬರೀಬೇಕಾಗುತ್ತಲ್ಲಮ್ಮ" ಅಂದರು.

ಹೌದಪ್ಪ, ಬರೀಬೇಕಾಗುತ್ತೆ ಅಂದೆ. ಅವರು ಮಾತಾಡಲಿಲ್ಲ. ಮಾರನೇ ದಿನ ನಾನು ಹೊರಡುವಾಗ ಟೈಪ್ ಮಾಡೋಕೆ ಕೊಟ್ಟ ಹಾಳೆಗಳಲ್ಲಿ ಎರಡು ಪದ್ಯ ಇದ್ದವು, ಎರಡೂ ಮಳೆಯವೇ. ಅವುಗಳ ಕೆಳಗೆ ಇನ್ನೊಂದು ಹಾಳೆ ಇತ್ತು. ಅದರ ಮೇಲೆ ಒಂದು ಸರ್ವೆ ನಂಬರ್, ಒಂದು ಇಸವಿ ಮಾತ್ರ ಬರೆದಿದ್ದರು. ಉಳಿದದ್ದು ಖಾಲಿ. ಅದನ್ನು ಟೈಪ್ ಮಾಡದೆ ಹಾಗೇ ಇಟ್ಟುಕೊಂಡಿದ್ದೇನೆ.